ಎತ್ತರದ ಮೇಲೆ ಕಟ್ಟಿದ ಬಾಜಿ

ಬಸೀಲಿಯೊ ಚೊಕೆವಾಂಕಾ ನನಗೆ ರಕ್ತಸಂಬಂಧಿಯೇನಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಅವನು ಆಡುತ್ತಿದ್ದ ನಮ್ಮ ಓಣಿಯ ಫುಟ್‌ಬಾಲ್ ತಂಡಕ್ಕೆ ಹನ್ನೊಂದು ಅಂಗಿ ಹೊಲಿಸಿಕೊಟ್ಟವಳು ನಾನು. ನಮ್ಮ ಈ ಬೆಟ್ಟದ ಮೇಲಿನ ಊರು ಎಲ್ ಆಲ್ಟೊದಲ್ಲಿ ಅಂಗಿ ಕೊಡಿಸಿದರೂ ನೆಂಟಸ್ತಿಕೆ ಬೆಳೆಯುತ್ತದೆ. ಅಂದಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ. ಈ ನಂಟಿನಲ್ಲಿ ಇರುವ ಕಷ್ಟ ಒಂದೇ, ಎದುರಿಗೆ ನಿಂತು ಕೇಳಿದಾಗ ಇಲ್ಲ ಅನ್ನುವ ಹಾಗಿಲ್ಲ.

ಅವನು ವಿಮಾನ ನಿಲ್ದಾಣದಲ್ಲಿ ಸಾಮಾನು ಇಳಿಸುವವನು. ಹೊರದೇಶದ ತಂಡ ನಮ್ಮವರ ಮೇಲೆ ಆಡಲು ಬಂದಿಳಿದ ದಿನ ತನ್ನ ಗಾಡಿಯ ಹಿಂದೆ ನಿಂತು ಒಂದೇ ಒಂದು ವಿಷಯ ನೋಡುತ್ತಿದ್ದ. ಒಳಗೆ ಹೋಗಲು ಮೂವತ್ತು ಮೆಟ್ಟಿಲು. ಹತ್ತುವಾಗ ಎಷ್ಟು ಜನ ಕಂಬಿ ಹಿಡಿದರು? ಐದು ಜನ ಹಿಡಿದರೆ ಗೆಲುವು ನಮ್ಮದು. ಏಳು ಜನ ಹಿಡಿದರೆ ಎರಡು ಗೋಲಿನ ಗೆಲುವು. ಸಮುದ್ರದ ಪಕ್ಕದಲ್ಲಿ ಬೆಳೆದ ಹುಡುಗರು ನಾಲ್ಕು ಸಾವಿರ ಮೀಟರ್ ಮೇಲೆ ಬಂದು ಓಡುವುದೆಂದರೆ ಹುಡುಗಾಟವಲ್ಲ. ವರ್ಷಗಟ್ಟಲೆ ಅವನ ಲೆಕ್ಕ ತಪ್ಪಿದ್ದು ಮೂರೋ ನಾಲ್ಕೋ ಸಲ. ಸಂಜೆ ಅವನು ನನ್ನ ಅಂಗಡಿಯ ಬೆಂಚಿನ ಮೇಲೆ ಮೆಕ್ಕೆಜೋಳದ ಬಿಸಿ ಆಪಿ ಕುಡಿಯುತ್ತ ಕೂತರೆ ಓಣಿಯವರೆಲ್ಲ ಸುತ್ತ ನೆರೆಯುತ್ತಿದ್ದರು.

“ಇವತ್ತು ಎಷ್ಟು ಕೈ, ದೊನ್ ಬಸೀಲಿಯೊ?”

“ಆರು. ಅದ್ರಲ್ಲಿ ಒಬ್ಬ ಕಂಬೀನ ಹೊಸ ಹೆಂಡ್ತಿ ಥರ ತಬ್ಕೊಂಡುಬಿಟ್ಟಿದ್ದ.”

ಎಲ್ಲರೂ ನಗುತ್ತ ಹೋಗಿ ಬಾಜಿಯ ಚೀಟಿ ಬರೆಸುತ್ತಿದ್ದರು. ಅವನೂ ಇಪ್ಪತ್ತು, ಐವತ್ತು ಬೊಲಿವಿಯಾನೊ ಕಟ್ಟುತ್ತಿದ್ದ. ಗೆದ್ದ ದಿನ ಹೆಂಡತಿ ನಿಕೊಲಾಸಾಳಿಗೆ ಹುರಿದ ಕೋಳಿ ತರುತ್ತಿದ್ದ. ಅಷ್ಟಕ್ಕೇ ಮುಗಿಯುತ್ತಿತ್ತು, ಮುಗಿಯಬೇಕಿತ್ತು.

ಐವತ್ತನಾಲ್ಕನೆಯ ವಯಸ್ಸಿಗೆ ಅವನ ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ತಲೆನೋವು, ಕಿವಿಯಲ್ಲಿ ಗುಂಯ್ ಸದ್ದು, ನಾಲ್ಕು ಚೀಲ ಎತ್ತುವಷ್ಟರಲ್ಲಿ ಮೇಲುಸಿರು. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ ಮುಚ್ಚುಮರೆಯಿಲ್ಲದೆ ಹೇಳಿದರು. ಇಲ್ಲಿನ ತೆಳು ಗಾಳಿ ಅವನ ಮೈಗೆ ಸಾಲುತ್ತಿಲ್ಲ, ಅದಕ್ಕೆ ಮೈ ರಕ್ತದ ಮೇಲೆ ರಕ್ತ ಮಾಡಿಕೊಳ್ಳುತ್ತಿದೆ, ಅದು ಗಟ್ಟಿಯಾಗಿ ನಾಳಗಳಲ್ಲಿ ಹರಿಯದಂತಾಗಿದೆ. ಆಗಾಗ ರಕ್ತ ತೆಗೆಸಬಹುದು, ಆದರೆ ಅದು ಮದ್ದಲ್ಲ. ಕೆಳಗಿಳಿದು ಬದುಕಬೇಕು. ಇಲ್ಲದಿದ್ದರೆ ಎರಡು ವರ್ಷ, ಹೆಚ್ಚೆಂದರೆ ಮೂರು.

“ಎತ್ತರ ಹೊರಗಿನೋರಿಗೆ ಹೊಡೆಯೋದು ಡಾಕ್ಟ್ರೇ. ಮನೆಯೋರಿಗಲ್ಲ,” ಎಂದನಂತೆ ಮಹಾರಾಯ.

ಒಂದು ವರ್ಷ ಹೀಗೇ ವಾದ ಮಾಡಿದ. ಕೊನೆಗೆ ನಿಕೊಲಾಸಾ ಅವನ ಎದುರು ನೆಲದ ಮೇಲೆ ಕೂತು, “ನೀನು ಹೋದ್ಮೇಲೆ ಈ ಎತ್ತರ ಇಟ್ಕೊಂಡು ನಾನೇನ್ ಮಾಡ್ಲಿ?” ಅಂದಳು. ಆಗ ಕೆಳಗಿಳಿಯಲು ಒಪ್ಪಿಕೊಂಡ.

ಅವರಿದ್ದದ್ದು ಭೋಗ್ಯದ ಮನೆ. ಅವಧಿ ಮುಗಿದು ಮಾಲೀಕ ಮೂವತ್ತೈದು ಸಾವಿರ ವಾಪಸ್ ಕೊಟ್ಟ. ಇಬ್ಬರ ಜೀವಮಾನದ ಗಳಿಕೆ ಅಂದರೆ ಅದೇ. ಅದೇ ದುಡ್ಡಿನಲ್ಲಿ ಕೆಳಗೆ ಕರಾನವಿಯಲ್ಲಿ, ಕಿತ್ತಳೆ ಬೆಳೆಯುವ ಸೆಕೆಯ ಊರಲ್ಲಿ, ಭೋಗ್ಯಕ್ಕೆ ಎರಡು ಕೋಣೆ ಮಾತಾಗಿತ್ತು. ಕೋಣೆಯ ಮಾಲೀಕನದೇ ಹಣ್ಣಿನ ಗೋದಾಮು. ಬಸೀಲಿಯೊನಿಗೆ ಅಲ್ಲೇ ಕೆಲಸ. ನಿಕೊಲಾಸಾ ಕರಾರು ಮಾಡಲು ಮುಂಚೆ ಹೊರಟಳು. ಹೋಗುವಾಗ ದುಡ್ಡನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

“ಶನಿವಾರ ಬಂದು ತಗೊಳ್ತೀನಿ ಕೊಮಾದ್ರೆ. ಅವನ ಕೈಗೆ ಮಾತ್ರ ಕೊಡ್ಬೇಡಿ.”

“ಅವನು ನನ್ನ ಹೆಣ ದಾಟಿ ಬಂದು ತಗೋಬೇಕು,” ಅಂದೆ. ನನ್ನ ಬಾಯಿ ಯಾವಾಗಲೂ ದೊಡ್ಡದು.

ಮಂಗಳವಾರ ಅವಳಿಂದ ಫೋನು ಬಂತು. ಕರಾನವಿಯವನು ಮಾತು ಬದಲಿಸಿದ್ದ. ನಲವತ್ತು ಸಾವಿರ ಬೇಕು, ಇಲ್ಲದಿದ್ದರೆ ಬೇರೆಯವರು ಕಾಯುತ್ತಿದ್ದಾರೆ, ಕೋಣೆ ಯಾರಿಗೋ ಕೆಲಸವೂ ಅವರಿಗೇ ಅಂದನಂತೆ.

ಬುಧವಾರ ಬೆಳಿಗ್ಗೆ ಬಸೀಲಿಯೊ ನನ್ನ ಅಂಗಡಿಗೆ ಬಂದ. ಅವತ್ತು ಸಂಜೆ ಆರಕ್ಕೆ ನಮ್ಮ ಊರಿನ ತಂಡಕ್ಕೂ ಬ್ರೆಜಿಲ್ ಕರಾವಳಿಯ ತಂಡಕ್ಕೂ ಪಂದ್ಯ.

“ಒಂಬತ್ತು ಕೈ ಕೊಮಾದ್ರೆ,” ಅಂದ ಮೆಲ್ಲಗೆ. “ಒಂಬತ್ತು. ಇಷ್ಟು ವರ್ಷದಲ್ಲಿ ನಾನು ಇಷ್ಟು ನೋಡಿಲ್ಲ.”

“ಸಂತೋಷ. ಐವತ್ತು ಕಟ್ಟಿ, ಕೋಳಿ ತಿನ್ನಿ.”

“ಐದಕ್ಕೆ ಆರು ಕೊಡ್ತಿದಾರೆ. ಮೂವತ್ತೈದು ಇಟ್ರೆ ನಲವತ್ತೆರಡು. ಇದು ಜೂಜಲ್ಲ, ಒಂದು ದಿನದ ಬಡ್ಡಿ.”

“ನಿಕೊಲಾಸಾ ಬೇಡ ಅಂದಿದಾಳೆ.”

“ನಿಕೊಲಾಸಾಗೆ ಐದು ಸಾವಿರ ಯಾರು ಕೊಡ್ತಾರೆ? ನೀವು ಕೊಡ್ತೀರಾ?”

ನನ್ನಲ್ಲಿ ಎಲ್ಲಿತ್ತು ಐದು ಸಾವಿರ? ಅವನ ಮುಖ ನೋಡಿದೆ; ಬೀಟ್‌ರೂಟಿನ ಬಣ್ಣ. ಬೆಂಚಿನ ಅಂಚು ಹಿಡಿದು ಉಸಿರೆಳೆಯುತ್ತಿದ್ದ. ಶನಿವಾರದೊಳಗೆ ಅವನನ್ನು ಕೆಳಗಿಳಿಸಲು ನನಗೆ ಬೇರೆ ದಾರಿ ಕಾಣಲಿಲ್ಲ. ಕೇಳುತ್ತಿದ್ದವನು ಕೊಂಪಾದ್ರೆ, ದುಡ್ಡು ಅವನದೇ. ಇನ್ನೂ ಒಂದು ಮಾತಿದೆ, ಅದನ್ನು ಮುಚ್ಚಿಡುವುದಿಲ್ಲ: ನನಗೂ ನಂಬಿಕೆಯಿತ್ತು. ಒಳಗೆ ಹೋಗಿ ಗಂಟು ತಂದುಕೊಟ್ಟೆ, ನನ್ನ ಇನ್ನೂರನ್ನೂ ಅದರ ಮೇಲೆ ಇಟ್ಟೆ. ಅವನು ಭೂಮಿತಾಯಿಗೆಂದು ಎರಡು ಹನಿ ಸಾರಾಯಿ ನೆಲಕ್ಕೆ ಚೆಲ್ಲಿ ಹೊರಟುಹೋದ.

ಪಂದ್ಯವನ್ನು ನನ್ನ ಅಂಗಡಿಯ ಟೀವಿಯಲ್ಲೇ ನೋಡಿದೆವು. ಹತ್ತನೆಯ ನಿಮಿಷಕ್ಕೆ ನಮ್ಮವರು ಗೋಲು ಹೊಡೆದರು. ಬಸೀಲಿಯೊ ಏಳಲಿಲ್ಲ, ಕೂಗಲಿಲ್ಲ, ನಿಕೊಲಾಸಾಳಿಗೆ ಫೋನು ಮಾಡಲೆಂದು ಜೇಬಿಗೆ ಕೈ ಹಾಕಿದ. “ಮುಗೀಲಿ, ಆಮೇಲೆ,” ಅಂದೆ. ಒಂದು ಗಂಟೆಯ ಆಟವಾದ ಮೇಲೆ ಬ್ರೆಜಿಲ್‌ನವರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಅದು ಗೊತ್ತಿದ್ದದ್ದೇ. ಆದರೆ ನಮ್ಮ ಐದಾರು ಆಟಗಾರರೂ ಹಾಗೇ ನಿಂತರು. ಒಬ್ಬ ಬಗ್ಗಿ ವಾಂತಿ ಮಾಡಿಕೊಂಡ. ಅವರದೊಬ್ಬ ಚೆಂಡನ್ನು ನಡೆಸಿಕೊಂಡೇ ಬಂದ, ತಡೆಯಲು ಯಾರಿಗೂ ಓಡಲಾಗಲಿಲ್ಲ. ಒಂದಕ್ಕೊಂದು. ಪಂದ್ಯ ಅಲ್ಲಿಗೇ ಮುಗಿಯಿತು. ಬಾಜಿ ಕಟ್ಟಿದ್ದು ಗೆಲುವಿನ ಮೇಲೆ; ಸಮವಾದರೂ ದುಡ್ಡೆಲ್ಲ ಹೋದಂತೆಯೇ.

ನಮ್ಮ ತಂಡದ ಹೊಸ ತರಬೇತುದಾರ ಕೆಳಗಿನ ಸಾಂತಾ ಕ್ರೂಸ್‌ನಿಂದ ಆರು ಹುಡುಗರನ್ನು ತಂದಿದ್ದನಂತೆ. ತಿಂಗಳಿಡೀ ತಂಡ ಅಲ್ಲೇ ಬೀಡುಬಿಟ್ಟು ಹಿಂದಿನ ದಿನ ಮೇಲೆ ಬಂದಿತ್ತಂತೆ. ಟೀವಿಯವನು ಹೇಳುತ್ತಿದ್ದ.

“ನಮ್ಮೋರ ಸಾಮಾನೂ ನೀವೇ ಇಳಿಸಿದ್ರಾ?” ಕೇಳಿದೆ.

“ನಾನೇ.”

“ಕಂಬಿ ಹಿಡಿದ್ರಾ?”

“ನೋಡ್ಲಿಲ್ಲ ಕೊಮಾದ್ರೆ. ನಮ್ಮೋರನ್ನ ಯಾರು ನೋಡ್ತಾರೆ?”

ಬೈಯಲು ಹೊರಟವಳು ಎದ್ದು ಟೀವಿ ಆರಿಸಿದೆ. ನಾನಾದರೂ ಕೇಳಿದ್ದೆನೇ?

ನಿಕೊಲಾಸಾ ಮಾರನೆಯ ದಿನ ಬಂದಳು. ಅವಳು ಅಳಲಿಲ್ಲ, ಗಂಡನಿಗೆ ಬೈಯಲೂ ಇಲ್ಲ. ನನ್ನನ್ನು ಮಾತ್ರ ಕೇಳಿದಳು: “ಕೊಡೋ ಮುಂಚೆ ಎಷ್ಟು ಹೊತ್ತು ಯೋಚ್ನೆ ಮಾಡಿದ್ರಿ?”

“ಒಂದು ಲೋಟ ಆಪಿ ಆರೋಷ್ಟು ಹೊತ್ತು,” ಅಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಆ ಉತ್ತರ ನನ್ನನ್ನು ಇವತ್ತಿಗೂ ಸುಡುತ್ತದೆ.

ಈಗ ಅವರಿರುವುದು ನನ್ನ ಹಿತ್ತಲ ಕೋಣೆಯಲ್ಲಿ. ಕರಾನವಿಯ ಕೋಣೆ, ಕೆಲಸ ಎರಡೂ ಬೇರೆಯವರ ಪಾಲಾದವು. ಹೋದ ತಿಂಗಳು ರಕ್ತ ತೆಗೆದರೂ ತಲೆ ಸುತ್ತು ನಿಲ್ಲದೆ, ಡಾಕ್ಟರ್ ಗದರಿದ ಮೇಲೆ, ಹನ್ನೆರಡು ದಿನದ ರಜೆ ಹಾಕಿಸಿ ಅವನನ್ನು ಕರಾನವಿಯಲ್ಲಿರುವ ನಿಕೊಲಾಸಾಳ ತಂಗಿಯ ಮನೆಗೆ ಕಳಿಸಿದೆವು. ಎರಡು ಕೋಣೆಯಲ್ಲಿ ಏಳು ಜನ ಇರುವ ಮನೆ. ಬಾಗಿಲ ಹಿಂದೆ ಚಾಪೆ ಹಾಕಿಕೊಟ್ಟರು. ನಾಲ್ಕನೆಯ ದಿನ ಫೋನು ಮಾಡಿದ.

“ಇಲ್ಲಿ ಉಸಿರು ತಾನಾಗೇ ಬರುತ್ತೆ ಕೊಮಾದ್ರೆ. ಎಳ್ಕೊಳ್ಳೋದೇ ಬೇಡ. ಇಷ್ಟು ಸುಲಭ ಅಂತ ನಂಗೆ ಗೊತ್ತೇ ಇರ್ಲಿಲ್ಲ.” ಆಮೇಲೆ, “ಪಾಪ, ಆ ಹುಡುಗ್ರು ಇಂಥ ಗಾಳೀನ ಬಿಟ್ಟು ನಮ್ಮಲ್ಲಿ ಬಂದು ತೊಂಬತ್ತು ನಿಮಿಷ ಓಡಿದ್ರಲ್ಲ,” ಅಂದ.

ಅಲ್ಲೇ ಕೆಲಸ ಹುಡುಕಿದ. ಈ ವಯಸ್ಸಿನ ಹಮಾಲಿ ಯಾರಿಗೆ ಬೇಕು? ರಜೆ ಮುಗಿಯಿತು. ವಾಪಸ್ ಬರದಿದ್ದರೆ ವಿಮಾನ ನಿಲ್ದಾಣದ ಕೆಲಸವೂ ಹೋಗುತ್ತದೆ, ರಕ್ತ ತೆಗೆಸಲೂ ದುಡ್ಡಿರುವುದಿಲ್ಲ.

ಕರಾನವಿ ಬಸ್ಸು ಬಂದು ನಿಲ್ಲುವ, ನಮ್ಮ ಊರಿಗಿಂತ ಕೆಳಗಿನ ವೀಯಾ ಫಾತಿಮಾಕ್ಕೆ ನಾನೂ ನಿಕೊಲಾಸಾಳೂ ಹೋಗಿದ್ದೆವು. ಬಸ್ಸಿನಿಂದ ಇಳಿದವನನ್ನು ಒಂದು ಗಳಿಗೆ ನಾನು ಗುರುತಿಸಲಿಲ್ಲ. ತುಟಿ ಕೆಂಪಗಿತ್ತು. ಕಣ್ಣು ತಿಳಿಯಾಗಿತ್ತು. ಹೆಗಲ ಮೇಲೆ ಕಿತ್ತಳೆ ಮೂಟೆ ಹೊತ್ತು, ಏದುಸಿರಿಲ್ಲದೆ, ನಗುತ್ತ ಬಂದ. ನಿಕೊಲಾಸಾ ಅವನ ಕೆನ್ನೆ ಮುಟ್ಟಿ ನೋಡಿದಳು, ನಡುರಸ್ತೆಯಲ್ಲಿ, ಅವಳು ಹಾಗೆ ಮಾಡುವ ಹೆಂಗಸೇ ಅಲ್ಲ.

“ಮದುವೆ ದಿನ ಹೀಗೇ ಇದ್ದೆ,” ಅಂದಳು.

ಅಷ್ಟರಲ್ಲಿ ಎಲ್ ಆಲ್ಟೊ ಮಿನಿಬಸ್ಸು ಬಂತು. ಒಂದೇ ಸೀಟು ಖಾಲಿ ಇತ್ತು, ಚಾಲಕ ಅವಸರ ಮಾಡುತ್ತಿದ್ದ. ನಾನು ಮೂಟೆ ಹಿಡಿದುಕೊಂಡೆ, ಅವಳು ತೋಳು ಹಿಡಿದಳು. ಮೇಲೆ ಹೋಗುವ ಆ ಗಾಡಿಗೆ ನಾವಿಬ್ಬರೇ ಸೇರಿ ಅವನನ್ನು ಹತ್ತಿಸಿದೆವು.