ಕೆರೆಗೆ ಮರಳಿದ ಎರೆಮಣ್ಣು

ಮೊನ್ನೆ ಮೊಮ್ಮಗಳು ಕೆರೆದಂಡೆಯಿಂದ ಒಂದು ಹಿಡಿ ಹಸಿ ಜೊಂಡು ಕಿತ್ತು ತಂದು ನನ್ನ ಮಂಚದ ಮೇಲೆ ಇಟ್ಟಳು. ಆ ಕೆಸರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಜೂಮನೆಯ ಹಿರಿಯರು, ನಾನು ಮಾವ ಎನ್ನುತ್ತಿದ್ದವರು, ನೆನಪಾದರು...

ಐವತ್ತರ ದಶಕ. ನಾನು ರೋಣದಿಂದ ಲಕ್ಕಲಕಟ್ಟಿಗೆ ಸೊಸೆಯಾಗಿ ಬಂದ ಹೊಸತು. ಊರಿಗೆಲ್ಲ ಕುಡಿಯಲು ಒಂದೇ ಕೆರೆ. ಬೇಸಿಗೆಯಲ್ಲಿ ನೀರು ಇಳಿದಾಗ ರೈತರು ಹೂಳನ್ನು ಬಂಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು. ಕೆರೆಗೂ ಹಗುರ, ಹೊಲಕ್ಕೂ ಗೊಬ್ಬರ. ಕಟ್ಟಳೆ ಮಾತ್ರ ಒಂದಿತ್ತು: ಹೂಳಿನ ಕೆಳಗಿನ ಎರೆಮಣ್ಣು ಮುಟ್ಟಬಾರದು. ಅದರ ಕೆಳಗಿರುವುದು ಗರಸು, ಹನಿ ನೀರೂ ನಿಲ್ಲದ ನೆಲ.

ಮಾವನಿಗೋ ಹೊಲದ ಹುಚ್ಚು! ಆ ವರ್ಷ ಎಲ್ಲರೂ ಕೆಲಸ ನಿಲ್ಲಿಸಿದ ಮೇಲೂ "ಇನ್ನೊಂದ್ ಬಂಡಿ, ಇನ್ನೊಂದ್ ಬಂಡಿ" ಎಂದು ಎರೆಮಣ್ಣನ್ನೂ ಅಗೆದು ಹೇರಿದರು. ಮಳೆಗೆ ಕೆರೆ ತುಂಬಿತು. ದೀಪಾವಳಿ ಕಳೆಯುವಷ್ಟರಲ್ಲಿ ಅವರು ಅಗೆದಲ್ಲೇ ನೀರೆಲ್ಲ ಇಂಗಿಹೋಗಿತ್ತು. ನಾವು ಹೆಂಗಸರು ಕೊಡ ಹೊತ್ತು ಪಕ್ಕದೂರಿನ ಬಾವಿಗೆ ನಡೆದೆವು. ಸಿಟ್ಟು ಬಾರದೆ ಇರುತ್ತದೆಯೇ?

ಒಂದು ಸಂಜೆ ಅವರ ಹೆಂಡತಿ ಖಾಲಿ ಕೊಡವನ್ನು ಅವರ ಮುಂದೆ ಕುಕ್ಕಿದರು. "ಜ್ವಾಳ ಭಾಳ ಚಲೋ ಬಂದೈತಿ, ಖರೇ. ಕುಡ್ಯಾಕ ಏನ್ ಕೊಡ್ತೀರಿ?" ಗೋಡೆಯಾಚೆ ನನಗೂ ಕೇಳಿಸಿತು.

ಮುಂದಿನ ಬೇಸಿಗೆ ಅವರ ಬಂಡಿ ಹೊಲದಿಂದ ಕೆರೆಗೆ ಹೊರಟಿತು. ಹೊಲದ ಒಳ್ಳೆಯ ಮೂಲೆಯ ಎರೆಮಣ್ಣನ್ನೇ ಹೇರಿ ತಂದು, ಗುಂಡಿಗೆ ಸುರಿದು, ಪಕ್ಕದೂರಿನ ಬಾವಿಯ ನೀರು ಹಾಕಿ, ಎತ್ತುಗಳಿಂದ ತುಳಿಸಿದರು. ಮೊದಲು ನಕ್ಕವರೇ ಆಮೇಲೆ ತಮ್ಮ ಎತ್ತು ಹೊಡೆದುಕೊಂಡು ಬಂದರು. ಇದೇ ಹೊತ್ತಿಗೆ ಜೊಂಡನ್ನೂ ಕಿತ್ತುಬಿಡೋಣ ಎಂದು ಯಾರೋ ಅಂದರು. "ಬ್ಯಾಡ್ರಿ, ಬರೋ ನೀರಿನ ಕಸಾ ಅದ ಹಿಡಿತೈತಿ. ಹಕ್ಕಿಗೂ ಒಂದ್ ಮೂಲಿ ಇರ್ಲಿ" ಎಂದರು ಮಾವ.

ಮಳೆ ಬಂತು. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಮಾವ ದಿನಾ ಒಡ್ಡಿನ ಮೇಲೆ ನಿಂತು ನೀರು ನೋಡುತ್ತಿದ್ದರು. ಯುಗಾದಿಗೂ ನಮ್ಮ ಕೊಡ ಮುಳುಗುತ್ತಿತ್ತು. ಅಬ್ಬಾ, ಜೀವ ತಣ್ಣಗಾಯಿತು!

ಅವರು ಹೋಗಿ ಎಷ್ಟೋ ವರ್ಷವಾಯಿತು... ಮಣ್ಣು ತೆಗೆದ ಆ ಮೂಲೆಯಲ್ಲಿ ಜೋಳ ಇವತ್ತಿಗೂ ಸೊಂಟದೆತ್ತರ ಬೆಳೆಯುವುದಿಲ್ಲ. ಕೆರೆ ಮಾತ್ರ ಬೇಸಿಗೆ ದಾಟುತ್ತದೆ, ಚಳಿಗಾಲದಲ್ಲಿ ಬಾತುಗಳು ಇಳಿಯುತ್ತವೆ. ಊರಲ್ಲಿ ಈಗ ನನಗಿಂತ ಹಿರಿಯರು ಯಾರೂ ಉಳಿದಿಲ್ಲ. ಆದರೂ ಒಡ್ಡು ಹತ್ತುವಾಗ, ಮಾವ ಅಲ್ಲೇ ನಿಂತಿದ್ದಾರೇನೋ ಎಂದು, ಕೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತದೆ.