ಜಂಗ್ಲಿಸಾಬನ ನೀರಿನ ಬೋರ್ಡು

ಶಿರೋಳದ ಬಸ್ ನಿಲ್ದಾಣದ ಎದುರು ಪ್ರಭುಲಿಂಗಪ್ಪ ಸಾವುಕಾರರ ಕಿರಾಣಿ ಅಂಗಡಿ ಇದೆ. ಅಂಗಡಿಯ ಪಕ್ಕದ ಗೋಡೆಗೆ ಒಂದು ಕರಿ ಬೋರ್ಡು ಹೊಡೆದಿದ್ದಾರೆ. ಶಾಲೆಯವರು ಬೇಡವೆಂದು ಹೊರಗೆ ಹಾಕಿದ್ದು ಅದು. ಎಡಗಡೆಯ ಮೂಲೆ ಮುರಿದಿದೆ. ಅದರ ಮೇಲೆ ಮೊದಲಿನಿಂದಲೂ ಬರೆಯುತ್ತಿರುವವನು ಒಬ್ಬನೇ ಮನುಷ್ಯ. ಅವನ ಹೆಸರು ಜಂಗ್ಲಿಸಾಬ.

ಅವನ ಕಸುಬು ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವುದು. ತಿದಿ, ಇದ್ದಿಲು, ತವರದ ಕಡ್ಡಿ ಎಲ್ಲವನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಕಾಲುವೆಯ ದಂಡೆ ಹಿಡಿದು ಊರೂರು ತಿರುಗುತ್ತಿದ್ದ. ಆಮೇಲೆ ಊರಿಗೆ ಸ್ಟೀಲು ಬಂತು. ಸ್ಟೀಲಿಗೆ ಕಲಾಯಿ ಬೇಕಿಲ್ಲ. ಇದು ಯಾರ ತಪ್ಪು ಎಂದು ಅವನು ಯಾವತ್ತೂ ಕೇಳಲಿಲ್ಲ. ತಾನೂ ಸ್ಟೀಲಿನ ತಾಟಿನಲ್ಲಿಯೇ ಉಣ್ಣುತ್ತಿದ್ದ. ಸ್ಟೋವು ರಿಪೇರಿ, ಡಬ್ಬಿಗಳಿಗೆ ಬೆಸುಗೆ ಎಂದು ಮನೆ ನಡೆಸಿದ. ಕೆಲಸ ಕಡಿಮೆಯಾದರೂ ಕಾಲುಗಳಿಗೆ ನಡೆಯುವ ಚಟ ಹೋಗಿರಲಿಲ್ಲ. ದಿನಾ ಬೆಳಗ್ಗೆ ಕಾಲುವೆಯ ಮೇಲೆ ಹೋಗಿಬರುತ್ತಿದ್ದ. ನಾನೂ ಅವನ ಜೊತೆ ಹೋಗುತ್ತಿದ್ದೆ.

ನನ್ನ ವಿಷಯ ಇಷ್ಟೇ. ನಾನು ಶಾಲೆಯ ಕಟ್ಟೆ ಹತ್ತಿದವನಲ್ಲ. ಬೆಲ್ಲ ಕಟ್ಟಿಕೊಟ್ಟ ಪೇಪರಿನ ತುಂಡುಗಳಲ್ಲಿ ಅಕ್ಷರ ಕಲಿತೆ. ಯಾರೂ ಕಲಿಸಿದ್ದಲ್ಲ. ಆದ್ದರಿಂದ ಒಂದು ಬರಹ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವ ಹಕ್ಕು ನನಗೆ ಇತರರಿಗಿಂತ ಸ್ವಲ್ಪ ಹೆಚ್ಚೇ ಇದೆ ಎಂದುಕೊಂಡಿದ್ದೇನೆ. ಜಂಗ್ಲಿಸಾಬನ ಬರಹ ಚೆನ್ನಾಗಿತ್ತು.

ಮಲಪ್ರಭೆಯ ಕಾಲುವೆ ವರ್ಷಪೂರ್ತಿ ಹರಿಯುವುದಿಲ್ಲ. ಅಣೆಕಟ್ಟಿನಲ್ಲಿ ಬಿಟ್ಟಾಗ ಬರುತ್ತದೆ. ಒಣಗಿದ ಕಾಲುವೆಯಲ್ಲಿ ನೀರು ಮೊದಲ ಸಲ ಬರುವುದನ್ನು ನೋಡದವರು ಅದು ಧೋ ಎಂದು ನುಗ್ಗುತ್ತದೆ ಎಂದು ತಿಳಿದಿರುತ್ತಾರೆ. ಹಾಗಲ್ಲ. ನೀರಿನ ಮುಂತುದಿ, ನಾವು ನೀರಿನ ತಲೆ ಎನ್ನುವುದು, ಹರಿದ ಚಪ್ಪಲಿ, ಒಣ ಎಲೆ, ಕಡ್ಡಿ, ಕಸಗಳನ್ನು ಮುಂದೆ ತಳ್ಳಿಕೊಂಡು ಮುದುಕಿಯ ಹಾಗೆ ಬರುತ್ತದೆ. ಮನುಷ್ಯನ ನಡಿಗೆ ಅದಕ್ಕಿಂತ ಚುರುಕು. ಜಂಗ್ಲಿಸಾಬ ನೀರಿಗೆ ಎದುರಾಗಿ ಮೇಲಕ್ಕೆ ನಡೆದುಹೋಗುತ್ತಿದ್ದ. ನೀರು ಸಿಕ್ಕ ಕೂಡಲೇ ನಿಂತು, ದಂಡೆಯ ಎರಡು ಕಲ್ಲುಗಳ ನಡುವಿನ ದೂರವನ್ನು ಅದು ಎಷ್ಟು ಹೊತ್ತಿನಲ್ಲಿ ದಾಟುತ್ತದೆ ಎಂದು ಗಡಿಯಾರದಲ್ಲಿ ನೋಡಿಕೊಳ್ಳುತ್ತಿದ್ದ. ಅಲ್ಲಿಂದ ನೀರಿಗಿಂತ ಮುಂಚೆ ಊರಿಗೆ ಬಂದು ಬೋರ್ಡಿನ ಮೇಲೆ ಬರೆಯುತ್ತಿದ್ದ: "ನೀರು ನಾಳೆ ಬೆಳಗ್ಗೆ ಆರಕ್ಕೆ. ಜಂಗ್ಲಿಸಾಬ." ಜನ ಅದನ್ನು ಓದಿ ಬದು ಸರಿಮಾಡಿಕೊಳ್ಳುತ್ತಿದ್ದರು, ಆಳು ಕರೆಯುತ್ತಿದ್ದರು. ಕೆಳಗಿನ ಜಾಗದಲ್ಲಿ ಹತ್ತಿಯ ದರ, ಕೆಟ್ಟು ನಿಂತ ಬಸ್ಸು, ತೀರಿಕೊಂಡವರ ಹೆಸರು ಇರುತ್ತಿದ್ದವು. ಆದರೆ ನೀರೇ ಮುಖ್ಯ.

ಅವನದೊಂದು ಪದ್ಧತಿ ಇತ್ತು. ಬರೆದದ್ದು ತಪ್ಪಾದರೆ ಅದನ್ನು ಒರೆಸುತ್ತಿರಲಿಲ್ಲ. ಅದರ ಮೇಲೆ ಒಂದು ಗೆರೆ ಎಳೆದು, ಕೆಳಗೆ ಸರಿಯಾದದ್ದನ್ನು ಬರೆದು, ಮೂರು ದಿನ ಹಾಗೆಯೇ ಬಿಡುತ್ತಿದ್ದ. ಕಾರಣ ಕೇಳಿದ್ದೆ. "ತಪ್ಪು ಓದಿಕೊಂಡು ಹೊಲಕ್ಕ ಹ್ವಾದಾಂವ ತಿರುಗಿ ಈ ಕಡೆ ಬರಾಕ ಎರಡು ಮೂರು ದಿನ ಹಿಡಿತೈತಿ ಗವಿಸಿದ್ದಣ್ಣ. ಒರಸಿಬಿಟ್ರ ಅವಂಗ ಹ್ಯಾಂಗ ತಿಳಿಬೇಕು?" ಎಂದ. ಮೊದಲ ಇಪ್ಪತ್ತೆರಡು ವರ್ಷದಲ್ಲಿ ಅವನು ಗೆರೆ ಎಳೆದದ್ದು ನಾಲ್ಕು ಸಲ. ನಾಲ್ಕನ್ನೂ ನಾನು ನೋಡಿದ್ದೇನೆ.

ಊರಿಗೆ ಮೊದಲು ಪಂಚಾಯ್ತಿಯ ರೇಡಿಯೋ ಇತ್ತು, ಆಮೇಲೆ ಟಿ.ವಿ. ಬಂತು, ಆಮೇಲೆ ಕೇಬಲ್ಲು. ಯಾವುದೂ ಬೋರ್ಡಿಗೆ ಏನೂ ಮಾಡಲಿಲ್ಲ. ಏಕೆಂದರೆ ದಿಲ್ಲಿಯ ಸುದ್ದಿ ಹೇಳುವವರಿಗೆ ನಮ್ಮ ಕಾಲುವೆ ಗೊತ್ತಿರಲಿಲ್ಲ. ಎರಡು ಸಾವಿರದ ಐದರಲ್ಲಿ ಮೊಬೈಲ್ ಬಂತು. ಮರುವರ್ಷದ ಹೊತ್ತಿಗೆ ಅಂಗಿಗೆ ಕಿಸೆ ಇದ್ದವರಿಗೆಲ್ಲ ಫೋನ್ ಇತ್ತು. ಮೇಲಿನ ಊರುಗಳಲ್ಲಿ ನಮ್ಮವರ ಅಳಿಯಂದಿರು, ಬೀಗರು ಇದ್ದಾರೆ. ಅವರು ಕಾಲುವೆಯ ಮೇಲೆ ನಿಂತುಕೊಂಡೇ "ನೀರು ಬಂತು" ಎಂದು ಹೇಳತೊಡಗಿದರು.

ಆ ವರ್ಷ ಶ್ರಾವಣದಲ್ಲಿ ಒಂದು ದಿನ ಪ್ರಭುಲಿಂಗಪ್ಪ ನಮ್ಮಿಬ್ಬರಿಗೂ ಚಹಾ ತರಿಸಿದ. ಅವನು ಸುಮ್ಮನೆ ಚಹಾ ತರಿಸುವವನಲ್ಲ.

"ಕಾಕಾ, ಮೊಬೈಲ್ ಕಂಪನಿಯವ್ರು ಗ್ವಾಡಿ ಕೇಳ್ಯಾರ" ಎಂದ. "ಜಾಹೀರಾತು ಬರೀತಾರಂತ. ಅದಕ್ಕ ಅಂಗಡಿ ಪೂರಾ ಬಣ್ಣ ಹಚ್ಚಿ ಕೊಡ್ತಾರ. ಇದು ಸುಣ್ಣ ಕಂಡು ಆರು ವರ್ಷ ಆತು."

"ಬೋರ್ಡು?" ಎಂದ ಜಂಗ್ಲಿಸಾಬ.

"ಈಗ ಬೋರ್ಡ್ ಯಾರ್ ನೋಡ್ತಾರ ಕಾಕಾ? ನೀವs ಹೇಳ್ರಿ."

"ಗವಿಸಿದ್ದಣ್ಣ ನೋಡ್ತಾನ."

"ಅವ್ರು ನಿಮ್ಮ ಜೋಡೀನs ಹೋಗಿ ಬಂದಿರ್ತಾರ. ಅವ್ರು ನೋಡಿದ್ದು ಲೆಕ್ಕಕ್ಕ ಬರೂದಿಲ್ಲ." ಪ್ರಭುಲಿಂಗಪ್ಪ ಸ್ವಲ್ಪ ಯೋಚಿಸಿದ. "ಹಿಂಗ ಮಾಡೂಣು. ಈ ಸಲದ ನೀರು ಬರೂತನಕ ಇರ್ಲಿ. ಫೋನ್ ಖರೇ ಆದ್ರ ಬೋರ್ಡ್ ತಗಿಯೂಣು. ಬೋರ್ಡ್ ಖರೇ ಆದ್ರ ಕಂಪನಿಯವ್ರಿಗೆ ಬ್ಯಾರೆ ಗ್ವಾಡಿ ತೋರಸ್ತೇನಿ."

ಜಂಗ್ಲಿಸಾಬ ಒಪ್ಪಿಕೊಂಡು ಚಹಾ ಮುಗಿಸಿದ.

ಅವನ ಮನೆಯಲ್ಲಿ ಮಾತು ಉರ್ದು. ಹೆಂಡತಿ ಜಹೀದಾ ಬೈಯುವಾಗ ಮಾತ್ರ ಕನ್ನಡದಲ್ಲಿ ಬೈಯುತ್ತಾಳೆ, ಎರಡೂ ಕಡೆಯ ನೆರೆಮನೆಯವರಿಗೆ ತಿಳಿಯಲಿ ಎಂದು. ಆ ದಿನ ಕನ್ನಡದಲ್ಲಿಯೇ ಹೇಳಿದಳು: "ಹ್ವಾದ್ರ ಹೋಗ್ಲಿ ಬಿಡ್ರಿ. ಇಪ್ಪತ್ತೆರಡು ವರ್ಷ ಊರ ಮಂದಿಗೆಲ್ಲಾ ಸುದ್ದಿ ಹೇಳೀರಿ. ನಮ್ಮ ಮನ್ಯಾಗ ಉಪ್ಪು ತೀರೇತಿ ಅಂತ ಒಂದ್ ದಿನಾ ಬರೀಲಿಲ್ಲ."

"ಅದು ಸುದ್ದಿ ಅಲ್ಲ" ಎಂದ ಅವನು.

"ನನಗ ಅದs ಸುದ್ದಿ."

ಆದರೂ ಅವನಿಗೆ ಚಿಂತೆ ಹತ್ತಿತ್ತು. ಮರುದಿನ ನನ್ನನ್ನು ಕರೆದುಕೊಂಡು ನರಗುಂದಕ್ಕೆ ಹೋದ. ಅಲ್ಲಿ ಜಹೀದಾಳ ತಮ್ಮನ ಮಗ ಅಕ್ರಮ್ ಒಂದು ಇಂಟರ್ನೆಟ್ ಅಂಗಡಿ ಇಟ್ಟಿದ್ದ. ಮೂರು ಕಂಪ್ಯೂಟರ್, ಒಂದು ಫ್ಯಾನು. ಫ್ಯಾನು ಕಂಪ್ಯೂಟರುಗಳ ಕಡೆ ಮುಖಮಾಡಿತ್ತು. ಅಣೆಕಟ್ಟಿನಲ್ಲಿ ಎಷ್ಟು ನೀರಿದೆ ಎಂದು ಅದರಲ್ಲಿ ತಿಳಿಯುತ್ತದೆ ಎಂದು ಯಾರೋ ಹೇಳಿದ್ದರು. ಅಕ್ರಮ್ ಬಹಳ ಹೊತ್ತು ಹುಡುಕಿ ಒಂದು ಪುಟ ತೆರೆದ. ಜಂಗ್ಲಿಸಾಬ ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದ.

"ಇದರ ತಾರೀಖು ಹನ್ನೆರಡು ದಿನದ ಹಿಂದಿಂದು ಐತೆಲ್ಲೋ."

"ಅಪ್‌ಡೇಟ್ ಮಾಡಿಲ್ಲ ಮಾಮಾ."

"ಹಂಗಂದ್ರ?"

"ಹಳೇದು ಒರಸಿ ಹೊಸಾದು ಬರದಿಲ್ಲ."

"ಬರದಾಂವ ಯಾರು? ಕೆಳಗ ಹೆಸರೈತೇನು?"

ಅಕ್ರಮ್ ಕೆಳಗಿನತನಕ ಎಳೆದು ನೋಡಿದ. ಯಾರ ಹೆಸರೂ ಇರಲಿಲ್ಲ.

"ಹೆಸರು ಹಾಕ್ದ ಹ್ಯಾಂಗ ಬರೀತಾರ?" ಎಂದ ಜಂಗ್ಲಿಸಾಬ. ಅವನು ಹಂಗಿಸಿ ಹೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಹೊರಡುವ ಮುಂದೆ, ಅಕ್ಷರಗಳು ಬಹಳ ಅಂದವಾಗಿವೆ, ಸೀಮೆಸುಣ್ಣದಲ್ಲಿ ಅಷ್ಟು ಒಂದೇ ಸಮ ಬರುವುದಿಲ್ಲ ಎಂದು ಕಂಪ್ಯೂಟರನ್ನು ಹೊಗಳಿದ.

ನಾಲ್ಕು ದಿನದ ಮೇಲೆ ನೀರು ಬಿಟ್ಟರು.

ಬೆಳಗ್ಗೆ ಕತ್ತಲು ಹರಿಯುವ ಮುಂಚೆಯೇ ನಾವಿಬ್ಬರೂ ಕಾಲುವೆಯ ದಂಡೆ ಹಿಡಿದೆವು. ನಾಲ್ಕು ಮೈಲು ನಡೆದ ಮೇಲೆ ಏಳೂವರೆಗೆ ನೀರು ಎದುರಾಯಿತು. ಮುಂದೆ ಒಂದು ಕೆಂಪು ಚಪ್ಪಲಿ, ಹಿಂದೆ ನೊರೆ, ಅದರ ಹಿಂದೆ ನೀರು. ಜಂಗ್ಲಿಸಾಬ ಎರಡು ಕಲ್ಲುಗಳ ನಡುವಿನ ಹೊತ್ತು ನೋಡಿಕೊಂಡ. ಊರಿಗೆ ಎಂಟು ತಾಸು. ಕಸ ಕಟ್ಟಿಕೊಂಡರೆ ಎಂದು ಅರ್ಧ ತಾಸು ಸೇರಿಸಿದ. ವಾಪಸು ಬಂದು "ನೀರು ಇಂದು ಸಂಜೆ ನಾಲ್ಕಕ್ಕೆ" ಎಂದು ಬರೆದು ಹೆಸರು ಹಾಕಿದ.

ಅಷ್ಟರಲ್ಲಿ ಊರಿನ ಫೋನುಗಳೆಲ್ಲ ಒದರಿ ಮುಗಿದಿದ್ದವು. ಮೊದಲ ಫೋನು ಮಾಡಿದವನು ಪ್ರಭುಲಿಂಗಪ್ಪನ ಅಳಿಯ ಅಮರೇಶ. "ಮಾವಾರ, ನಮ್ಮ ಹೊಲದ ಮುಂದs ಹೊಂಟೈತ್ರಿ. ಹನ್ನೊಂದಕ್ಕ ನಿಮ್ಮಲ್ಲಿ." ಹೀಗೆ ಪ್ರಭುಲಿಂಗಪ್ಪನಿಗೆ ಒಟ್ಟು ಹದಿನಾಲ್ಕು ಫೋನು ಬಂದವು. ಅವನು ಮೆಣಸಿನ ಸಸಿಗಳನ್ನು, ನಮ್ಮಲ್ಲಿ ಅಗಿ ಎನ್ನುತ್ತಾರೆ, ಮಡಿಯಿಂದ ಕೀಳಿಸಿ, ಹಚ್ಚಲು ಎಂಟು ಜನ ಹೆಣ್ಣಾಳುಗಳನ್ನು ಹೊಲಕ್ಕೆ ಕರೆಸಿದ. ಅವರಲ್ಲಿ ಹಿರಿಯಳು ಹೊನ್ನವ್ವ.

ಕಂಪನಿಯ ಪೇಂಟರ್ ರಫೀಕನೂ ಅದೇ ಬೆಳಗ್ಗೆ ಗಜೇಂದ್ರಗಡದಿಂದ ಬಣ್ಣದ ಡಬ್ಬಿಗಳ ಜೊತೆ ಬಂದಿದ್ದ. ಅಂಗಡಿಯ ಮುಂಭಾಗ ಹಚ್ಚಿ ಮುಗಿಸಿ, ಬೋರ್ಡಿನ ಗೋಡೆ ಯಾವಾಗ ಬಿಡುತ್ತೀರಿ ಎಂದು ಕೇಳಿದ. ನೀರು ಬರಲಿ ಎಂದರು. ಅವನು ಕಟ್ಟೆಯ ಮೇಲೆ ಮಲಗಿಕೊಂಡ.

ಹನ್ನೊಂದಾಯಿತು. ನೀರಿಲ್ಲ. ಹನ್ನೆರಡಕ್ಕೆ ಪ್ರಭುಲಿಂಗಪ್ಪ ಅಮರೇಶನಿಗೆ ಫೋನ್ ಹಚ್ಚಿದ. ಅವನು ಎತ್ತಲಿಲ್ಲ. ಹೊಲದಲ್ಲಿ ಹೆಣ್ಣಾಳುಗಳು ಬೇವಿನ ಮರದ ಕೆಳಗೆ, ಹಸಿ ಚೀಲದಲ್ಲಿ ಸುತ್ತಿದ ಅಗಿಯ ಜೊತೆ ಕುಳಿತಿದ್ದರು. ಅಗಿ ತಲೆ ಬಾಗಿಸತೊಡಗಿತ್ತು.

"ಸಾವ್ಕಾರ್ರ, ನೀರು ಫೋನಿನ್ಯಾಗs ಐತೇನ್ರಿ?" ಎಂದಳು ಹೊನ್ನವ್ವ. "ಅದನ್ನs ಇಲ್ಲಿ ಬಗ್ಗಸ್ರಿ. ಹಚ್ಚಿ ಹೊಕ್ಕೇವಿ."

ಪ್ರಭುಲಿಂಗಪ್ಪ ಊರಿಗೆ ತಿರುಗಿ ಬಂದು, ವರ್ಷದಲ್ಲಿ ಮೊದಲ ಸಲ ಬೋರ್ಡಿನ ಮುಂದೆ ನಿಂತು ಓದಿದ. ನಾಲ್ಕಕ್ಕೆ ಎಂದಿತ್ತು. "ನಾಕಕ್ಕ ಬಂದ್ರ ಬೋರ್ಡ್ ಗೆದ್ದಂಗ" ಎಂದ. ಜಂಗ್ಲಿಸಾಬ ಗಡಿಯಾರಕ್ಕೆ ಕೀ ಕೊಟ್ಟ.

ನಾಲ್ಕಕ್ಕೂ ನೀರು ಬರಲಿಲ್ಲ. ನಾಲ್ಕೂವರೆಗೂ ಇಲ್ಲ.

ಜಂಗ್ಲಿಸಾಬ ಎದ್ದು ಮತ್ತೆ ಕಾಲುವೆಯ ಕಡೆ ನಡೆದ. ನಾನೂ ಹೋದೆ. ಬೆಳಗ್ಗೆ ಎಂಟು ಮೈಲು ನಡೆದ ಕಾಲುಗಳು ನನ್ನವು. ಅವೇನು ಹೇಳಿದವು ಎಂದು ಇಲ್ಲಿ ಬರೆಯುವುದಿಲ್ಲ. ಎರಡು ಮೈಲಿನಲ್ಲಿ ನೀರು ಸಿಕ್ಕಿತು. ಕೆಂಪು ಚಪ್ಪಲಿ ಒಂದು ಕಲ್ಲಿಗೆ ತಾಗಿ ನಿಂತಿತ್ತು. ನೀರಿನ ತಲೆ ಕದಲುತ್ತಿರಲಿಲ್ಲ. ಅಲ್ಲಿಂದ ಮೇಲೆ ಕಾಲುವೆಯ ಎರಡೂ ಮಗ್ಗುಲಿನ ತೂಬುಗಳು, ಒಂದು ಬಿಡದ ಹಾಗೆ, ತೆರೆದಿದ್ದವು. ಹೊಲಗಳಲ್ಲಿ ನೀರು ಕನ್ನಡಿಯ ಹಾಗೆ ನಿಂತಿತ್ತು. ಒಂದು ತೂಬಿನ ಮೇಲೆ ಹೊಳಿಯಪ್ಪ ಎಂಬ ರೈತ ಕಾಲು ಇಳಿಬಿಟ್ಟು ಕುಳಿತಿದ್ದ. ಕಿಸೆಯಲ್ಲಿ ಫೋನ್ ಇತ್ತು.

"ಎಲ್ಲಾ ತೂಬು ಒಮ್ಮೆಲೆ ತಗದೀರಲ್ಲೋ ಹೊಳಿಯಪ್ಪ" ಎಂದ ಜಂಗ್ಲಿಸಾಬ. "ಮೊದಲು ಹಿಂಗ ಇರಲಿಲ್ಲ."

"ಮೊದಲು ನೀರು ಬಂದದ್ದು ಯಾರಿಗ್ ತಿಳೀತಿತ್ರಿ ಕಾಕಾ? ದೂರದ ಹೊಲದವ್ರಿಗೆ ಗೊತ್ತಾಗೂದ್ರಾಗ ನೀರು ನಿಮ್ಮ ಊರು ದಾಟತಿತ್ತು. ಈಗ ಒಂದು ಫೋನ್ ಹಚ್ಚಿದ್ರ ಎಲ್ಲಾರೂ ಸಲಿಕಿ ತಗೊಂಡು ಓಡಿ ಬರ್ತಾರ."

"ನೀನೂ ಫೋನ್ ಹಚ್ಚಿದ್ಯೇನು?"

"ಶಿರೋಳದಾಗ ನಮ್ಮ ಬೀಗ್ರ ಅದಾರಲ್ರಿ. ಹೇಳದಿದ್ರ ಸಿಟ್ಟಾಕ್ಕಾರ. ನೀರು ಬಂತು ಅಂತ ಅವ್ರಿಗೆ ಹೇಳಿ, ಆಮ್ಯಾಲ ತೂಬು ತಗದೆ."

ಜಂಗ್ಲಿಸಾಬ ದಂಡೆಯ ಮೇಲೆ ಕುಳಿತು ಸ್ವಲ್ಪ ಹೊತ್ತು ಕೆಂಪು ಚಪ್ಪಲಿಯನ್ನು ನೋಡಿದ. ಅವನ ಲೆಕ್ಕದಲ್ಲಿ ಕಸ ಇತ್ತು, ಇಳಿಜಾರು ಇತ್ತು, ಬಿಸಿಲಿಗೆ ಹಿಂಗುವ ನೀರೂ ಇತ್ತು. ಬೀಗರು ಇರಲಿಲ್ಲ.

ನಾವು ಊರಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ರಫೀಕ ಮಾತ್ರ ಕುಂಚ ತೊಳೆಯುತ್ತಿದ್ದ. ಜಂಗ್ಲಿಸಾಬ ಸೀಮೆಸುಣ್ಣ ತೆಗೆದುಕೊಂಡದ್ದನ್ನು ನೋಡಿ ಅವನು ತನ್ನ ಒದ್ದೆ ಅರಿವೆಯನ್ನೇ ಮುಂದೆ ಹಿಡಿದ.

"ಚಾಚಾ, ಒರಸಿಬಿಡ್ರಿ. ನಾಕಕ್ಕ ಅಂತ ಬರದದ್ದು ಸಾವ್ಕಾರ್ರು ಬಿಟ್ರ ಯಾರೂ ಓದಿಲ್ಲ. ಮುಂಜಾನಿಂದ ನಾ ಇಲ್ಲೇ ಅದೀನಿ. ನಾಳೆ ಅಂತ ಬರದಿದ್ದೆ, ಸಾವ್ಕಾರ್ರು ಓದಿದ್ದು ತಪ್ಪು ಅಂತ ಹೇಳ್ರಿ. ನಾ ಹೌದಂತೀನಿ."

"ನಿನ್ನ ಗ್ವಾಡಿ ಲಗೂ ಸಿಗತೈತಿ ನೋಡು, ಗೆರಿ ಎಳದ್ರ" ಎಂದ ಜಂಗ್ಲಿಸಾಬ.

"ನನಗೇನ್ರಿ, ಗ್ವಾಡಿ ಭಾಳ ಅದಾವು."

ಜಂಗ್ಲಿಸಾಬ ಅರಿವೆ ಮುಟ್ಟಲಿಲ್ಲ. ಬರೆದದ್ದರ ಮೇಲೆ ಗೆರೆ ಎಳೆದ. ನೆಟ್ಟಗೆ ಬಂತು. ಕೆಳಗೆ ಬರೆದ: "ಮೇಲಿನದು ತಪ್ಪು. ನೀರು ಎರಡು ಮೈಲಿನಲ್ಲಿ ನಿಂತಿದೆ. ತೂಬುಗಳೆಲ್ಲ ತೆರೆದಿವೆ. ಫೋನಿನ ಲೆಕ್ಕ ಹಿಡಿಯುವುದನ್ನು ಮರೆತಿದ್ದೆ. ನಾಳೆ ಮಧ್ಯಾಹ್ನದ ಮುಂಚೆ ಅಗಿ ಕೀಳಬೇಡಿರಿ. ಜಂಗ್ಲಿಸಾಬ."

ಪ್ರಭುಲಿಂಗಪ್ಪ ಬಂದದ್ದು ಅವನು ಹೆಸರು ಬರೆಯುವಾಗ. ಹಿಂದೆ ನಿಂತು ಪೂರ್ತಿ ಓದಿದ. ಹೊಲದಲ್ಲಿ ಅರ್ಧ ಅಗಿ ಬಾಡಿದ್ದವು.

"ಅಂದ್ರ ನೀವೂ ತಪ್ಪಿದ್ರಿ" ಎಂದ.

"ತಪ್ಪಿದೆ. ಬೋರ್ಡ್ ನಾಳೆ ಬಿಚ್ಚಸ್ರಿ."

ಪ್ರಭುಲಿಂಗಪ್ಪ ಕಿಸೆಯಿಂದ ಫೋನ್ ತೆಗೆದು ನೋಡಿ ಮತ್ತೆ ಒಳಗಿಟ್ಟ. "ಹದಿನಾಕು ಮಂದಿ ಫೋನ್ ಹಚ್ಚಿ ನೀರು ಬಂತಂದ್ರು. ಬರೂದಿಲ್ಲ ಅಂತ ಒಬ್ನೂ ತಿರುಗಿ ಹಚ್ಚಲಿಲ್ಲ. ನಮ್ಮ ಅಳಿಯಂತೂ ಎತ್ತವಲ್ಲ." ರಫೀಕನ ಕಡೆ ತಿರುಗಿದ. "ಏನಪಾ ಪೇಂಟರ್, ಬೋರ್ಡ್ ಬಿಟ್ಟು ಸುತ್ತೂ ಕಡೆ ಬರಿಯಾಕ ಬರತೈತೇನು?"

"ಬರತೈತ್ರಿ. ಕಂಪನಿಯವ್ರು ಕೇಳಿದ್ರ?"

"ಗ್ವಾಡ್ಯಾಗ ಕಿಡಕಿ ಐತಿ ಅಂತ ಹೇಳು."

ರಫೀಕ ಹಾಗೆಯೇ ಮಾಡಿದ. ಮರುದಿನ ಮಧ್ಯಾಹ್ನ ಒಂದಕ್ಕೆ ನೀರು ಬಂದಾಗ ಗೋಡೆಯ ಬಣ್ಣ ಇನ್ನೂ ಹಸಿ ಇತ್ತು. ಅದರ ಮರುದಿನ ಕಂಪನಿಯ ಸಾಹೇಬ ಒಬ್ಬರು ಫೋಟೋ ತೆಗೆಯಲು ಬಂದರು. ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ "ಕ್ಷಣದಲ್ಲಿ ಎಲ್ಲರಿಗೂ ತಲುಪುತ್ತದೆ" ಎಂದಿತ್ತು. ಅದರ ನಟ್ಟನಡುವೆ ಬೋರ್ಡು. ಬೋರ್ಡಿನ ಮೇಲೆ "ಮೇಲಿನದು ತಪ್ಪು" ಎಂದಿತ್ತು. ಸಾಹೇಬರು ಅದನ್ನು ಎರಡು ಸಲ ಓದಿ, ಫೋಟೋದ ಮಟ್ಟಿಗೆ ಒರೆಸಲು ಆಗುತ್ತದೆಯೇ ಎಂದು ಮರ್ಯಾದೆಯಿಂದಲೇ ಕೇಳಿದರು.

"ಇನ್ನೂ ಒಂದು ದಿನ ಐತ್ರಿ" ಎಂದ ಜಂಗ್ಲಿಸಾಬ.

"ಮೂರು ದಿನ ಆಗೂತನಕ ಒರಸಂಗಿಲ್ರಿ ಸಾಹೇಬ್ರ" ಎಂದ ಪ್ರಭುಲಿಂಗಪ್ಪ ಅಂಗಡಿಯ ಒಳಗಿನಿಂದ. "ಅದು ಪದ್ಧತಿ."

ಸಾಹೇಬರು ಹಾಗೆಯೇ ಫೋಟೋ ತೆಗೆದುಕೊಂಡು ಹೋದರು. ಅದು ಎಲ್ಲಿಯೂ ಅಚ್ಚಾದದ್ದನ್ನು ನಾನು ನೋಡಿಲ್ಲ.

ಎರಡು ವರ್ಷದ ಮೇಲೆ ಜಂಗ್ಲಿಸಾಬನೂ ಒಂದು ಫೋನ್ ತಂದ. ಮನೆಯಲ್ಲಿ ಉಪ್ಪು ತೀರಿದರೆ ಜಹೀದಾ ಅದಕ್ಕೆ ಫೋನ್ ಹಚ್ಚುತ್ತಾಳೆ. ನೀರಿನ ದಿನ ಅವನು ಮೊದಲಿನ ಹಾಗೆಯೇ ದಂಡೆ ಹಿಡಿದು ನಡೆದು ನೀರನ್ನು ಕಂಡು ಬರುತ್ತಾನೆ. ಬಂದ ಮೇಲೆ ಬೋರ್ಡಿನ ಮುಂದೆ ನಿಂತು ಮೇಲಿನ ಊರಿನವರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚುತ್ತಾನೆ. ನೀರು ಬಂತೇ ಎಂದು ಕೇಳುವುದಿಲ್ಲ. ನಿನ್ನ ತೂಬು ತೆರೆದಿದೆಯೇ ಎಂದು ಕೇಳುತ್ತಾನೆ. ಮುಚ್ಚಿದವರು ಮಾತಾಡುತ್ತಾರೆ. ತೆರೆದವರು ಎತ್ತುವುದಿಲ್ಲ. ಎತ್ತದ ಒಂದೊಂದು ಫೋನಿಗೆ ಅವನು ಅರ್ಧ ತಾಸು ಸೇರಿಸಿ ಬರೆಯುತ್ತಾನೆ.

ಆಮೇಲೆ ಒಂದೇ ಸಲ ತಪ್ಪಿದೆ, ನೀರು ಅರ್ಧ ತಾಸು ಮುಂಚೆಯೇ ಬಂತು. ಹೊಳಿಯಪ್ಪನ ತೂಬು ಮುಚ್ಚಿತ್ತು, ಅವನ ಫೋನು ನೀರಿಗೆ ಬಿದ್ದಿತ್ತು. ಅದನ್ನೂ ಬೋರ್ಡಿನ ಮೇಲೆ ಮೂರು ದಿನ ನೋಡಿದೆವು.