ತಾಳ ತಪ್ಪಿಸಿದ ಕಂಪ್ಯೂಟರ್

ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಮಾರಲು ನಾನು ಕುಮಟಾ, ಹೊನ್ನಾವರ, ಭಟ್ಕಳದ ಅಂಗಡಿಗಳನ್ನು ಸುತ್ತುತ್ತಿದ್ದ ಕಾಲ ಅದು. ದುಬಾರಿ ಕಾರ್ಡುಗಳಲ್ಲಿ ನಮ್ಮ ಕಂಪನಿ ಮುಂದಿತ್ತು. ಮನೆಮನೆಗೆ ಹೋಗುವ ಸಣ್ಣ ಕಾರ್ಡುಗಳಲ್ಲಿ ಎದುರಾಳಿ ಕಂಪನಿಯದೇ ಮೇಲುಗೈ.

ಒಂದು ದಿನ ಹೊನ್ನಾವರದ ಅಂಗಡಿಗೆ ಪಕ್ಕದ ಕರ್ಕಿಯ ಅಜ್ಜ ಒಬ್ಬರು ಮೊಮ್ಮಗಳ ಜೊತೆ ಆಟೋದಲ್ಲಿ ಕಂಪ್ಯೂಟರ್ ಹೇರಿಕೊಂಡು ಬಂದರು. ಮೊಣಕಾಲು ಕೈಕೊಟ್ಟು ಯಕ್ಷಗಾನ ಬಿಟ್ಟವರು. ಅವರ ಕೊನೆಯ ಆಟದ ಸಿ.ಡಿ. ಅದರಲ್ಲಿ ತಡೆದು ತಡೆದು ಓಡುತ್ತಿತ್ತು.

"ಮದ್ದಲೆ ಮುಂದೆ ಹೋಗ್ತದೆ, ನನ್ನ ಕಾಲು ಹಿಂದೆ ಉಳೀತದೆ. ಕುಣಿತ ಕಲಿಯೋ ಇವಳು ನೋಡಿ ನಗ್ತಾಳೆ. ನಾ ಜನ್ಮದಲ್ಲಿ ತಾಳ ತಪ್ಪಿದವನಲ್ಲ ಮಾರಾಯ! ಇದಕ್ಕೆ ಎಂತ ಮಾಡೂದು?" ಎಂದರು.

ನನ್ನ ಚೀಲದಲ್ಲಿದ್ದದ್ದು ದುಬಾರಿ ಕಾರ್ಡು ಮಾತ್ರ. ಆ ತಿಂಗಳು ಒಂದೂ ಮಾರಿರಲಿಲ್ಲ. ಆದರೂ ಆ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ.

"ನಿಮಗೆ ಇಷ್ಟು ದೊಡ್ಡದು ಬೇಡ ಅಜ್ಜ, ಆ ಕಂಪನಿಯ ಸಣ್ಣದೇ ಸಾಕು" ಎಂದೆ. ಅಂಗಡಿಯವನು ಬೆರಗಾಗಿ ನನ್ನನ್ನೇ ನೋಡಿದ. ಹಳೆಯ ಕಾರ್ಡು ಕಳಚಿ, ಎದುರಾಳಿಯದನ್ನು ನಾನೇ ಕೂರಿಸಿದೆ.

ಸಿ.ಡಿ. ಹಾಕಿದಾಗ ಈಗ ಮದ್ದಲೆಯ ಪ್ರತಿ ಪೆಟ್ಟಿಗೂ ಸರಿಯಾಗಿ ಹೆಜ್ಜೆ ಬಿತ್ತು. ಮೊಮ್ಮಗಳು ನಗು ಮರೆತು ಅಜ್ಜನ ಕೈ ಹಿಡಿದುಕೊಂಡಳು. ಅಜ್ಜನ ಕಣ್ಣು ತುಂಬಿತು.

ಸ್ವಲ್ಪ ಹೊತ್ತಿಗೆ ಅವಳು, "ಅಜ್ಜಾ, ಇಲ್ಲೊಂದು ಹೆಜ್ಜೆ ತಪ್ಪಿತಲ್ಲ?" ಎಂದಳು.

ಅಜ್ಜ ಮತ್ತೊಮ್ಮೆ ಹಾಕಿಸಿ ನೋಡಿದರು. "ಹೌದೇ ಮಗಾ. ಇದು ನಂದೇ ತಪ್ಪು."

ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಆ ಹಳೇ ಕಾರ್ಡು ಎಲ್ಲಿಟ್ಟೆ, ತಮ್ಮಾ?"